ಪಿ.ಟಿ. ಪೀರಿಯಡ್ ಕಸಿದವರಲ್ಲಿ ನಾನೂ ಒಬ್ಬ

ಭಾನುವಾರ ಬೆಳಿಗ್ಗೆ ವಾಶಿಯ ಮಿನಿ ಸೀಶೋರ್‌ನಲ್ಲಿ ಮಗಳ ಜತೆ ಓಡಲು ಹೋಗುತ್ತೇನೆ. ಅವಳು ಒಂದು ಸುತ್ತು ಮುಗಿಸುವಷ್ಟರಲ್ಲಿ ನಾನು ಬೆಂಚಿನ ಮೇಲೆ. ನಲವತ್ತಕ್ಕೆ ಇನ್ನೂ ಎರಡು ವರ್ಷವಿದೆ, ಸೊಂಟ ಆಗಲೇ ಮಾತು ಕೇಳುವುದಿಲ್ಲ. ಎಂ.ಟೆಕ್. ಮುಗಿಸಿ ಹದಿನಾಲ್ಕು ವರ್ಷ ಕುರ್ಚಿಯಲ್ಲಿ ಕೂತು ಕೋಡ್ ಬರೆದದ್ದರ ಸಂಪಾದನೆ ಇದು.

ಮೊನ್ನೆ ಮಗಳು ಅಂದಳು: "ಅಪ್ಪಾ, ಈಗ ನಮಗೆ ಪಿ.ಟಿ. ಪೀರಿಯಡ್ಡೇ ಇಲ್ಲ. ಗಣಿತದ ಮಿಸ್ ತಗೋತಾರೆ."

ನಾನು ಸುಮ್ಮನಾದೆ. ಗಣಿತಕ್ಕೆ ಇನ್ನಷ್ಟು ಸಮಯ ಕೊಡಿ ಎಂದು ಪೋಷಕರ ಸಭೆಯಲ್ಲಿ ಕೇಳಿದವರಲ್ಲಿ ನಾನೂ ಇದ್ದೆ.

ಆಗ ನೆನಪಾದವರು ಊರಿನ ನಮ್ಮ ಪಿ.ಟಿ. ಮೇಷ್ಟ್ರು. ಕೊರಳಲ್ಲಿ ಸೀಟಿ, ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು. "ನಾನು ಮದರಾಸಿನ ವೈ.ಎಂ.ಸಿ.ಎ. ಕಾಲೇಜಿನವನು ಕಣ್ರೋ" ಎಂದು ಎದೆಯುಬ್ಬಿಸಿ ಹೇಳುತ್ತಿದ್ದರು. ನಾವು ಹಿಂದಿನಿಂದ ನಗುತ್ತಿದ್ದೆವು. ಆ ಹೆಮ್ಮೆಯ ಅರ್ಥ ತಿಳಿದದ್ದು ಈಚೆಗೆ, ಆ ಕಾಲೇಜಿನ ಬಗ್ಗೆ ಓದಿದಾಗ.

ಕ್ರೈಸ್ತ ಸಂಸ್ಥೆಯಾದ ವೈ.ಎಂ.ಸಿ.ಎ.ಯ ಆ ಪುಟ್ಟ ಖಾಸಗಿ ಶಾಲೆಯನ್ನು 1920ರಲ್ಲಿ ಆರಂಭಿಸಿದವರು ಅಮೆರಿಕದ ಹ್ಯಾರಿ ಕ್ರೋ ಬಕ್. 1924ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಹೋದ ಭಾರತ ತಂಡದ ಮ್ಯಾನೇಜರ್ ಅವರೇ. 1927ರಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆ ಕಟ್ಟುವಾಗ, ಅದರ ಮೊದಲ ಅಧ್ಯಕ್ಷರಾದ ನಮ್ಮ ಮುಂಬೈಯ ದೊರಾಬ್ಜಿ ಟಾಟಾ ಅವರ ಜತೆ ದುಡಿದವರಲ್ಲಿ ಬಕ್ ಕೂಡ ಒಬ್ಬರು. ನಮ್ಮ ಹಳ್ಳಿ ಹಳ್ಳಿಯಲ್ಲೂ ಆಡುವ ವಾಲಿಬಾಲ್ ಹುಟ್ಟಿದ್ದೂ ಅಮೆರಿಕದ ಒಂದು ವೈ.ಎಂ.ಸಿ.ಎ.ಯಲ್ಲಿ, 1895ರಲ್ಲಿ.

ಪದಕಗಳ ಲೆಕ್ಕದಲ್ಲಿ ಆ ಕಾಲೇಜನ್ನು ಅಳೆಯಬಾರದು. ಅದು ತಯಾರು ಮಾಡಿದ್ದು ಮೇಷ್ಟ್ರುಗಳನ್ನು. ಆಟವೂ ಪಾಠವೇ, ಅದನ್ನು ಕಲಿಸಲೂ ತರಬೇತಿ ಬೇಕು ಎಂದು ಅದು ನಂಬಿತ್ತು. ಗೆಲ್ಲುವ ಹುಡುಗನ ಜತೆ ಕೊನೆಗೆ ಬರುವವನೂ ಓಡಬೇಕು ಎನ್ನುತ್ತಿದ್ದರು ನಮ್ಮ ಮೇಷ್ಟ್ರು. ಆ ಕೊನೆಯವನು ಹೆಚ್ಚಾಗಿ ನಾನೇ. ನಾನು ಗೆರೆ ದಾಟುವವರೆಗೂ ಅವರು ಸೀಟಿ ಹಿಡಿದು ಅಲ್ಲೇ ನಿಂತಿರುತ್ತಿದ್ದರು.

ಈ ಶನಿವಾರದ ಪೋಷಕರ ಸಭೆಯಲ್ಲಿ ಕೈ ಎತ್ತಿ, "ಪಿ.ಟಿ. ಪೀರಿಯಡ್ ವಾಪಸ್ ಕೊಡಿ" ಅಂದೆ. ಪಕ್ಕದವರು ವಿಚಿತ್ರವಾಗಿ ನೋಡಿದರು. "ನೋಡೋಣ" ಅಂದರು ಟೀಚರ್.

ಮುಂದಿನ ಸಭೆಯಲ್ಲೂ ಕೇಳುತ್ತೇನೆ. ಅಲ್ಲಿಯವರೆಗೆ ಭಾನುವಾರದ ಓಟ ಇದ್ದೇ ಇದೆ. ಈಗ ಮಗಳೇ ಸುತ್ತು ಮುಗಿಸಿ, ನಾನು ಬರುವವರೆಗೂ ಕಾಯುತ್ತಾಳೆ.