ಕಾಲುವೆ ಜಗಳದಿಂದ ಕೊರಿಯಾ ಯುದ್ಧದವರೆಗೆ: ಹಿರಿಯರ ಮಾತಿಗೆ ಎಷ್ಟು ತೂಕ?

ದಢೇಸುಗೂರಿನಿಂದ ಮಸ್ಕಿವರೆಗೆ ಯಾವ ಊರಿನಲ್ಲಿ ಕೇಳಿದರೂ ನೀರಿನ ಜಗಳದ ಕಥೆ ಒಂದಾದರೂ ಸಿಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆ 200 ಕಿ.ಮೀ.ಗೂ ಹೆಚ್ಚು ಉದ್ದ. ಮೇಲಿನವರು ಭತ್ತ ಹಚ್ಚಿ ಗದ್ದೆ ತುಂಬಿಸಿಕೊಂಡರೆ ಕೊನೆಭಾಗದವರ ಬೆಳೆ ಒಣಗುತ್ತದೆ. ಮಾತಿಗೆ ಮಾತು ಬೆಳೆದು ಕೈ ಮೇಲೇಳುವ ಹೊತ್ತಿಗೆ ಊರವರು ಹುಡುಕುವುದು ಹಿರಿಯರನ್ನು. ‘ಮೊದಲು ಕೂಡ್ರಿ, ಆಮೇಲೆ ಮಾತಾಡ್ರಿ’ ಅನ್ನುವ ಒಬ್ಬರು ಸಿಕ್ಕರೆ ಅರ್ಧ ಜಗಳ ಅಲ್ಲಿಗೇ ಇಳಿಯುತ್ತದೆ.

ದೇಶ ದೇಶಗಳೇ ಜಗಳಕ್ಕೆ ನಿಂತರೆ? ಅಲ್ಲಿಗೂ ಹಿರಿಯರು ಬೇಕು ಎಂಬ ವಿಚಾರದಿಂದ ನೆಲ್ಸನ್ ಮಂಡೇಲಾ 2007ರಲ್ಲಿ ‘ದಿ ಎಲ್ಡರ್ಸ್’ ಎಂಬ ಗುಂಪು ಕಟ್ಟಿದರು. ನಮ್ಮ ಅಹಮದಾಬಾದಿನ ಇಳಾ ಭಟ್ ಕೂಡ ಅದರಲ್ಲಿದ್ದರು. 2017ರಲ್ಲಿ ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿ ಆಂಟೋನಿಯೊ ಗುಟೆರಸ್ ಮಧ್ಯಸ್ಥಿಕೆಗೆ ಸಲಹೆ ನೀಡಲು 18 ಜನರ ಮಂಡಳಿ ಮಾಡಿದರು. ಮಾಜಿ ಅಧ್ಯಕ್ಷರು, ಮಂತ್ರಿಗಳು, ಶಾಂತಿಗಾಗಿ ದುಡಿದವರು ಅದರ ಸದಸ್ಯರು. ಇವರ ಕೈಯಲ್ಲಿ ಸೈನ್ಯವಿಲ್ಲ, ಶಿಕ್ಷೆ ಕೊಡುವ ಅಧಿಕಾರವಿಲ್ಲ. ಇರುವುದು ಅನುಭವ ಮತ್ತು ಹೆಸರು, ಅಷ್ಟೇ. ಇಷ್ಟರಿಂದ ಯುದ್ಧ ನಿಲ್ಲುತ್ತದೆಯೇ ಎಂದು ಯಾರಿಗಾದರೂ ಅನಿಸುತ್ತದೆ.

ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ಇಂಥ ಕೆಲಸ ಮಾಡಿದ ಇಬ್ಬರು ನಮ್ಮ ನಾಡಿನವರೇ.

ಮೊದಲನೆಯವರು ಬೆನಗಲ್ ನರಸಿಂಗ ರಾವ್. 1887ರಲ್ಲಿ ಮಂಗಳೂರಿನಲ್ಲಿ ಹುಟ್ಟಿದವರು. ಸಂವಿಧಾನ ಸಭೆಯ ಸಲಹೆಗಾರರಾಗಿದ್ದವರು ಎಂದು ಬಹಳ ಜನರಿಗೆ ಗೊತ್ತು. ಅದಕ್ಕೂ ಮೊದಲು ಅವರು ಒಂದು ನೀರಿನ ಜಗಳಕ್ಕೆ ಕೈ ಹಾಕಿದ್ದರು. ಪಂಜಾಬಿನವರು ಮೇಲೆ ಅಣೆಕಟ್ಟು ಕಟ್ಟಿ ನೀರು ಹಿಡಿದರೆ ಕೆಳಗಿರುವ ನಮ್ಮ ಗತಿಯೇನು ಎಂದು ಸಿಂಧ್ ಪ್ರಾಂತ್ಯ ದೂರು ಕೊಟ್ಟಿತ್ತು. ನಮ್ಮ ಕೊನೆಭಾಗದ ರೈತರ ದೂರೇ ಅದು, ನದಿ ಮಾತ್ರ ಬೇರೆ. 1941ರಲ್ಲಿ ನೇಮಕವಾದ ಸಿಂಧೂ ಆಯೋಗಕ್ಕೆ ರಾವ್ ಅಧ್ಯಕ್ಷರು. ಇಂಥ ವ್ಯಾಜ್ಯ ಪರಸ್ಪರ ಒಪ್ಪಂದದಿಂದ ಮುಗಿಯುವುದೇ ಎಲ್ಲಕ್ಕಿಂತ ಒಳ್ಳೆಯದು; ಅದಾಗದಿದ್ದರೆ ಇಡೀ ನದಿಯನ್ನು ಒಂದೇ ಎಂದು ನೋಡಿ ನ್ಯಾಯವಾಗಿ ಹಂಚಬೇಕು ಎಂದು ಅವರ ವರದಿ ಹೇಳಿತು. ಎರಡೂ ಪ್ರಾಂತ್ಯದವರು ಒಪ್ಪಲಿಲ್ಲ. ಮುಂದೆ ದೇಶವೇ ಇಬ್ಭಾಗವಾಯಿತು. ಕೊನೆಗೆ ವಿಶ್ವಬ್ಯಾಂಕ್ ನಡುವೆ ಕೂತು, 1960ರಲ್ಲಿ ಭಾರತ ಮತ್ತು ಪಾಕಿಸ್ತಾನ ಸಿಂಧೂ ಒಪ್ಪಂದಕ್ಕೆ ಸಹಿ ಹಾಕಿದವು. ಮನೆಯೊಳಗೆ ಮುಗಿಯಬಹುದಾಗಿದ್ದ ಜಗಳಕ್ಕೆ ಹೊರಗಿನವರು ಬರಬೇಕಾಯಿತು.

1950ರ ಜೂನ್ 25ರಂದು ಕೊರಿಯಾದಲ್ಲಿ ಯುದ್ಧ ಶುರುವಾದಾಗ ರಾವ್ ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿ. ಆ ತಿಂಗಳು ಭದ್ರತಾ ಮಂಡಳಿಯ ಅಧ್ಯಕ್ಷರೂ ಅವರೇ. ವರ್ಷದ ಕೊನೆಗೆ ಚೀನಾ ಸೈನ್ಯವೂ ಯುದ್ಧಕ್ಕಿಳಿದಿತ್ತು. ಆಗ ಕದನವಿರಾಮದ ದಾರಿ ಹುಡುಕಲು ಮೂವರನ್ನು ಆರಿಸಲಾಯಿತು: ಇರಾನಿನ ನಸ್ರೊಲ್ಲಾ ಎಂತೆಜಾಮ್, ಕೆನಡಾದ ಲೆಸ್ಟರ್ ಪಿಯರ್ಸನ್ ಮತ್ತು ನಮ್ಮ ರಾವ್. ಮೊದಲು ಗುಂಡು ನಿಲ್ಲಲಿ, ಆಮೇಲೆ ಹಂತಹಂತವಾಗಿ ಹೊರಗಿನ ಸೈನ್ಯಗಳು ಹೊರಡಲಿ, ಉಳಿದದ್ದನ್ನು ಕೂತು ಮಾತಾಡೋಣ ಎಂಬುದು ಅವರ ಸೂತ್ರದ ತಿರುಳು. 1951ರ ಜನವರಿಯಲ್ಲಿ ಚೀನಾ ಅದನ್ನು ಒಪ್ಪಲಿಲ್ಲ.

ಕೂಡಲೇ ಅಮೆರಿಕ, ಚೀನಾವನ್ನು ಆಕ್ರಮಣಕೋರ ಎಂದು ಘೋಷಿಸುವ ನಿರ್ಣಯ ತಂದಿತು. ಹೆಸರಿಟ್ಟು ಬೈದರೆ ಮಾತಿನ ಬಾಗಿಲು ಮುಚ್ಚುತ್ತದೆ ಎಂಬುದು ಭಾರತದ ನಿಲುವು. ಫೆಬ್ರವರಿ 1ರಂದು ಭಾರತ ವಿರುದ್ಧ ಮತ ಹಾಕಿತು. ಅದೇ ಹೊತ್ತಿಗೆ ನಮ್ಮಲ್ಲಿ ಧಾನ್ಯದ ಕೊರತೆ. ಅಮೆರಿಕದ ಬಳಿ 20 ಲಕ್ಷ ಟನ್ ಧಾನ್ಯ ಕೇಳಿ ಕೂತಿದ್ದೆವು. ಕೊರಿಯಾ ವಿಷಯದ ಸಿಟ್ಟು ಅಲ್ಲಿನ ಸಂಸತ್ತಿನಲ್ಲಿ ಆ ನೆರವಿನ ಮೇಲೂ ಬಿತ್ತು. ಜೂನ್‌ವರೆಗೆ ಅದು ಕಾನೂನಾಗಲಿಲ್ಲ. ನಡುವೆ ನಿಲ್ಲುವವರು ಏನೂ ಕಳೆದುಕೊಳ್ಳುವುದಿಲ್ಲ ಅನ್ನುವವರು ಇದನ್ನು ನೆನಪಿಡಬೇಕು. ಹೊಟ್ಟೆಯ ಅನ್ನವನ್ನೇ ಪಣಕ್ಕಿಟ್ಟು ಹೇಳಿದ ಮಾತು ಅದು.

ಹಾಗಾದರೆ ರಾವ್ ಸೋತರೇ? ಆಗ ಸೋತರು. ಆದರೆ 1953ರ ಜುಲೈ 27ರಂದು ಕದನವಿರಾಮಕ್ಕೆ ಸಹಿ ಬಿದ್ದಾಗ, ತಮ್ಮ ದೇಶಕ್ಕೆ ಮರಳಲು ಒಪ್ಪದ 22,000ಕ್ಕೂ ಹೆಚ್ಚು ಯುದ್ಧಕೈದಿಗಳನ್ನು ಯಾರ ಕೈಗೆ ಕೊಡುವುದು ಎಂಬ ಪ್ರಶ್ನೆಗೆ ಎರಡೂ ಕಡೆಯವರು ಒಪ್ಪಿದ್ದು ಭಾರತವನ್ನು. ಐದು ದೇಶಗಳ ತಟಸ್ಥ ಆಯೋಗದ ಅಧ್ಯಕ್ಷರಾಗಿ ಹೋದವರು ನಮ್ಮ ಎರಡನೆಯ ಹಿರಿಯರು, ಮಡಿಕೇರಿಯ ಜನರಲ್ ಕೆ.ಎಸ್. ತಿಮ್ಮಯ್ಯ. ಭಾರತೀಯ ಸೈನಿಕರು ತನ್ನ ನೆಲ ತುಳಿಯಬಾರದು ಎಂದು ದಕ್ಷಿಣ ಕೊರಿಯಾ ಹಟ ಹಿಡಿದಿದ್ದರಿಂದ ಅವರನ್ನು ಹೆಲಿಕಾಪ್ಟರಿನಲ್ಲಿ ಕರೆದೊಯ್ಯಬೇಕಾಯಿತು. ಎರಡೂ ಕಡೆಯ ಬೈಗುಳ ತಿಂದುಕೊಂಡೇ ತಿಮ್ಮಯ್ಯ ಕೆಲಸ ಮಾಡಿದರು. ಅವರು ಅಲ್ಲಿರುವಾಗಲೇ, ನವೆಂಬರ್ 30ರಂದು, ರಾವ್ ಜ್ಯೂರಿಕ್‌ನಲ್ಲಿ ತೀರಿಕೊಂಡರು.

ಬೇಗ ಹೋದ ಕಡೆ ಹಿರಿಯರ ಮಾತು ಫಲ ಕೊಟ್ಟದ್ದೂ ಉಂಟು. 2007ರ ಡಿಸೆಂಬರ್ ಚುನಾವಣೆಯ ನಂತರ ಕೀನ್ಯಾ ಹೊತ್ತಿ ಉರಿಯಿತು. ಸಾವಿರಕ್ಕೂ ಹೆಚ್ಚು ಜನ ಸತ್ತರು. ಕೋಫಿ ಅನ್ನಾನ್, ಗ್ರಾಸಾ ಮಷೆಲ್, ಬೆಂಜಮಿನ್ ಎಂಕಾಪಾ ಅಲ್ಲೇ ಠಿಕಾಣಿ ಹೂಡಿ 2008ರ ಫೆಬ್ರವರಿ 28ಕ್ಕೆ ಕಿಬಾಕಿ ಮತ್ತು ಒಡಿಂಗಾ ಇಬ್ಬರಿಂದಲೂ ಅಧಿಕಾರ ಹಂಚಿಕೆಗೆ ಸಹಿ ಹಾಕಿಸಿದರು. ಅದೇ ಅನ್ನಾನ್ 2012ರಲ್ಲಿ ಸಿರಿಯಾಕ್ಕೆ ಹೋಗಿ ಆರು ತಿಂಗಳಲ್ಲಿ ಕೈ ಚೆಲ್ಲಿದರು. ಅಲ್ಲಿ ಹೊಡೆದಾಡುವವರಿಗಾಗಲಿ, ಅವರ ಬೆನ್ನಿಗಿದ್ದ ದೊಡ್ಡ ದೇಶಗಳಿಗಾಗಲಿ ಜಗಳ ನಿಲ್ಲಿಸುವ ಮನಸ್ಸಿರಲಿಲ್ಲ.

ಹಿರಿಯರು ಅಂದಾಕ್ಷಣ ಎಲ್ಲವೂ ಒಳ್ಳೆಯದಲ್ಲ. ಬಲ್ಲಿದನ ಪರ ತೀರ್ಪು ಕೊಟ್ಟು ಬಡವನ ಬಾಯಿ ಮುಚ್ಚಿಸಿದ ಪಂಚಾಯ್ತಿಗಳನ್ನೂ, ಹೆಣ್ಣುಮಕ್ಕಳನ್ನು ಕಟ್ಟೆಯ ಹತ್ತಿರ ಬಿಟ್ಟುಕೊಳ್ಳದ ಪಂಚಾಯ್ತಿಗಳನ್ನೂ ನಾವು ಕಂಡಿದ್ದೇವೆ. ವಿಶ್ವಸಂಸ್ಥೆಯ ಮಂಡಳಿಯಲ್ಲಿ ಲೈಬೀರಿಯಾದ ಎಲೆನ್ ಜಾನ್ಸನ್ ಸರ್ಲೀಫ್, ಲೇಮಾ ಬೋವಿ, ಶ್ರೀಲಂಕಾದ ರಾಧಿಕಾ ಕುಮಾರಸ್ವಾಮಿ ಮೊದಲಾದವರಿಗೆ ಜಾಗ ಸಿಕ್ಕಿದ್ದು ಆ ದೃಷ್ಟಿಯಿಂದ ಸರಿ. ಜಗಳದ ಏಟು ತಿನ್ನುವವರು ರಾಜಿ ಮಾತಿನಲ್ಲೂ ಇರಬೇಕು.

ದೂರದ ಯುದ್ಧ ನಮಗ್ಯಾಕ್ರೀ ಅನ್ನುವವರು ಸಿಂಧನೂರಿನ ಪುನರ್ವಸತಿ ಕ್ಯಾಂಪುಗಳ ಕಡೆ ಒಮ್ಮೆ ಹೋಗಿ ಬರಬೇಕು. ಪೂರ್ವ ಪಾಕಿಸ್ತಾನ ಬಿಟ್ಟು ಬಂದ ಬಂಗಾಳಿ ಕುಟುಂಬಗಳು ಅಲ್ಲಿವೆ. ಯಾರೋ ಎಲ್ಲೋ ಬಿಡಿಸದೆ ಬಿಟ್ಟ ಜಗಳ ಅವರನ್ನು ತುಂಗಭದ್ರೆಯ ಬಯಲಿಗೆ ತಂದು ನಿಲ್ಲಿಸಿತು.

ಹಿರಿಯರ ಮಾತಿನ ತೂಕ ಅವರ ವಯಸ್ಸಿನಿಂದ ಬರುವುದಲ್ಲ. ತಮಗೇನೂ ಲಾಭವಿಲ್ಲದ ಕಡೆ ನಿಲ್ಲುವುದರಿಂದ, ತಮ್ಮವರಿಗೂ ಕಹಿ ಮಾತು ಹೇಳುವುದರಿಂದ, ಇಂದು ಸೋತರೂ ನಾಳೆ ಮತ್ತೆ ಕರೆದರೆ ಹೋಗುವುದರಿಂದ ಬರುತ್ತದೆ. ನಿಮ್ಮ ಊರಲ್ಲೂ ಅಂಥ ಒಬ್ಬರು ಇರಬಹುದು. ಮುಂದಿನ ಸಲ ಕಾಲುವೆಗೆ ನೀರು ಬಿಡುವ ಮೊದಲೇ ಅವರನ್ನು ಕರೆದು ಕೂಡ್ರಿಸಿ; ಬಡಿದಾಟ ಆದ ಮೇಲಲ್ಲ.