ಒಡೆದವನೇ ಕೂರಿಸಿದ ಗಾಜು

ಕಳೆದ ಏಪ್ರಿಲ್‌ನ ಒಂದು ಮಧ್ಯಾಹ್ನ ನನ್ನ ಕಾರಿನ ಗಾಜನ್ನು ನಾನೇ ಒಡೆದೆ. ಕಾರು ಎಂದರೆ ದೊಡ್ಡದೇನಲ್ಲ, 2005ರಲ್ಲಿ ಬ್ಯಾಂಕಿನ ಸ್ಟಾಫ್ ಲೋನಿನಲ್ಲಿ ಕೊಂಡ ಮಾರುತಿ 800. ನಾನು ನಿವೃತ್ತನಾದೆ, ಅದು ಇನ್ನೂ ಆಗಿಲ್ಲ.

ದಾವಣಗೆರೆಯ ಏಪ್ರಿಲ್ ಬಿಸಿಲು ಹೇಗಿರುತ್ತದೆ ಎಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ರಜೆಗೆಂದು ಮಗಳು ಇಬ್ಬರು ಮಕ್ಕಳನ್ನು ಕರೆದುಕೊಂಡು ಬಂದಿದ್ದಳು. ದೊಡ್ಡವನಿಗೆ ಹನ್ನೆರಡು, ಪುಟ್ಟಿಗೆ ಎರಡೂವರೆ. ಪುಟ್ಟಿಯನ್ನು ಕೂರಿಸಿಕೊಂಡು ತರಕಾರಿಗೆ ಹೋಗಿದ್ದೆ. ರಸ್ತೆ ಅಗೆದಿದ್ದರಿಂದ ಧೂಳು, ಹಾಗಾಗಿ ಗಾಜುಗಳನ್ನೆಲ್ಲ ಏರಿಸಿದ್ದೆ. ಮನೆ ಮುಂದೆ ಗಾಡಿ ನಿಲ್ಲಿಸಿ, ಪೆಟ್ರೋಲ್ ಉಳಿಸುವ ಹಳೆಯ ಚಾಳಿಯಂತೆ ಎಂಜಿನ್ ಆರಿಸಿ, ಕೀ ಅಲ್ಲೇ ಬಿಟ್ಟು, ಮಗು ರಸ್ತೆಗೆ ಬೀಳದಿರಲೆಂದು ಬಾಗಿಲು ಹಾಕಿ, ಗೇಟು ತೆಗೆಯಲು ಇಳಿದೆ. ಹಿಂದೆ 'ಟಕ್' ಎಂದಿತು. ಡ್ರೈವರ್ ಸೀಟಿಗೆ ಹತ್ತಿದ ಪುಟ್ಟಿ ಲಾಕ್ ಒತ್ತಿದ್ದಳು. ಹಿಂದೊಮ್ಮೆ ಅಂಗಡಿಯಲ್ಲಿ ಆಸೆಪಟ್ಟು ಹಾಕಿಸಿದ ಸೆಂಟ್ರಲ್ ಲಾಕ್ ಅದು. ಒಂದು ಬಾಗಿಲು ಒತ್ತಿದರೆ ನಾಲ್ಕೂ ಬಂದ್. ಒತ್ತಲು ಬಂದ ಕೈಗೆ ಬಿಡಿಸಲು ಬರಲಿಲ್ಲ.

ಮೂವತ್ತಾರು ವರ್ಷ ನಾನು ಕೆಲಸ ಮಾಡಿದ್ದು ಕ್ಯಾಷ್ ತಿಜೋರಿಯನ್ನು ಒಬ್ಬನೇ ತೆಗೆಯುವಂತಿಲ್ಲದ ಜಾಗದಲ್ಲಿ. ಎರಡು ಕೀ, ಇಬ್ಬರ ಕೈಯಲ್ಲಿ. ಡ್ಯೂಪ್ಲಿಕೇಟ್ ಬೇರೆ ಕಡೆ ಭದ್ರ. ಅಂಥವನ ಕಾರಿನ ಡ್ಯೂಪ್ಲಿಕೇಟ್ ಕೀ ಬೆಂಗಳೂರಿನಲ್ಲಿ, ಮಗನ ಪ್ಯಾಂಟಿನ ಜೇಬಿನಲ್ಲಿತ್ತು!

ಬಿಸಿಲಿನಲ್ಲಿ ನಿಂತ, ಗಾಜು ಮುಚ್ಚಿದ ಕಾರಿನ ಒಳಗೆ ಹತ್ತೇ ನಿಮಿಷದಲ್ಲಿ ಸುಮಾರು ಹತ್ತು ಡಿಗ್ರಿ ಶಾಖ ಏರುತ್ತದೆ. ಚಿಕ್ಕ ಮಕ್ಕಳ ಮೈ ನಮ್ಮ ಮೈಗಿಂತ ಬಹಳ ಬೇಗ ಕಾಯುತ್ತದೆ. ಇದನ್ನೆಲ್ಲ ನಾನು ಓದಿದ್ದು ಆಮೇಲೆ. ಆಗ ಕಂಡದ್ದು ಪುಟ್ಟಿಯ ಕೆಂಪಾದ ಮುಖ, ಹಣೆಗೆ ಅಂಟಿದ ಕೂದಲು. ಮೊದಲು ನಗುತ್ತಿದ್ದವಳು ಅಳತೊಡಗಿದಳು. ಹಿಂದಿನ ಎಡಬಾಗಿಲಿಗೆ ನೆರೆಮನೆಯವರ ಮರಳಿನ ರಾಶಿ ಅಡ್ಡ. ಮುಂದಿನ ಎಡಬಾಗಿಲಿನ ಗಾಜಿಗೆ ಕಲ್ಲೆತ್ತಿ ನಡುಮಧ್ಯಕ್ಕೆ ಹೊಡೆದೆ. ಕಲ್ಲು ಚಿಮ್ಮಿ ನನ್ನ ಕಾಲ ಮೇಲೇ ಬಿತ್ತು. ದಾರಿಯಲ್ಲಿ ಹೋಗುತ್ತಿದ್ದ ಆಟೋದವರೊಬ್ಬರು ಇಳಿದು ಬಂದು, "ನಡುವೆ ಅಲ್ಲ ಸಾರ್, ಮೂಲೆಗೆ ಹೊಡೀರಿ" ಎಂದರು. ನನ್ನ ಹೆಂಡತಿ ಆ ಕಡೆಯ ಗಾಜಿನ ಬಳಿ ನಿಂತು ಮಗುವಿನ ಮುಖವನ್ನು ತನ್ನತ್ತ ತಿರುಗಿಸಿಕೊಂಡಳು. ಕೆಳಮೂಲೆಗೆ ಸ್ಕ್ರೂಡ್ರೈವರಿನ ಮೊನೆಯಿಟ್ಟು ಸುತ್ತಿಗೆಯಿಂದ ಒಂದೇ ಪೆಟ್ಟು. ಇಡೀ ಗಾಜು ಕಲ್ಲುಸಕ್ಕರೆಯಂತೆ ಸುರಿಯಿತು. ಪುಟ್ಟಿಗೆ ಒಂದು ಗೀರೂ ಆಗಲಿಲ್ಲ.

ಮಗಳು ಏನೂ ಅನ್ನಲಿಲ್ಲ. ರಾತ್ರಿ ಊಟಕ್ಕೆ ಬಡಿಸುವಾಗ ಮಾತ್ರ, "ಅಪ್ಪಾ, ಇನ್ಮೇಲೆ ಮಕ್ಕಳನ್ನ ಕಾರಲ್ಲಿ ಕರ್ಕೊಂಡು ಹೋಗಬೇಡಿ" ಎಂದಳು. ಬೈದಿದ್ದರೇ ಚೆನ್ನಾಗಿತ್ತು.

ಮರುದಿನ ಮೆಕ್ಯಾನಿಕ್‌ಗೆ ಫೋನ್ ಮಾಡಿದರೆ, ಅವನು ಮದುವೆಗೆಂದು ಊರಿಗೆ ಹೋಗಿದ್ದ. ಭಾನುವಾರ ಮಗಳು ಹೊರಡುವವಳು. ಮೊಮ್ಮಗ, "ತಾತಾ, ನಾವೇ ಹಾಕೋಣ" ಎಂದ. ಒಡೆದವನು ನಾನು, ಕೂರಿಸುವವನೂ ನಾನೇ ಆಗಲಿ ಅನ್ನಿಸಿತು.

ಗುಜರಿ ಅಂಗಡಿಯಲ್ಲಿ ಮಾರುತಿ ಗಾಜಿಗೇನು ಬರವಿಲ್ಲ. 1983ರ ಡಿಸೆಂಬರ್‌ನಿಂದ 2014ರ ಜನವರಿಯವರೆಗೆ ತಯಾರಾದ ಗಾಡಿ. ಎಡಬಾಗಿಲಿನದೋ ಬಲದ್ದೋ, ಮುಂದಿನದೋ ಹಿಂದಿನದೋ ನೋಡಿ ತೆಗೆದುಕೊಳ್ಳಬೇಕು. ಮೂಲೆಯಲ್ಲಿ ಐಎಸ್ 2553 ಎಂಬ ಗುರುತು ಇದೆಯೇ ಎಂದೂ ನೋಡಬೇಕು. ನಮಗೆ ಸಿಕ್ಕಿದ್ದು, ಗಾಜಿನ ಕೆಳಅಂಚನ್ನು ಹಿಡಿದಿರುವ ಕಬ್ಬಿಣದ ಪಟ್ಟಿಯ ಸಮೇತ. ಅದು ದೊಡ್ಡ ಉಪಕಾರ. ಇಲ್ಲದಿದ್ದರೆ ಹಳೆಯ ಪಟ್ಟಿಯಿಂದ ಚೂರುಗಳನ್ನು ಕೆರೆದು, ರಬ್ಬರ್ ಇಟ್ಟು ಹೊಸ ಗಾಜನ್ನು ಬಡಿದು ಕೂರಿಸಬೇಕಿತ್ತು. ಅದರ ಮೇಲೆ ಯಾರೋ ಅಂಟಿಸಿದ್ದ ಕಪ್ಪು ಹಾಳೆಯಿತ್ತು. 2012ರಲ್ಲಿ ಸುಪ್ರೀಂ ಕೋರ್ಟ್ ನಿಷೇಧಿಸಿದ್ದು ಇಂಥ ಹಾಳೆಯನ್ನೇ. ಸೋಪಿನ ನೀರು, ಬ್ಲೇಡು, ಅರ್ಧ ಗಂಟೆ.

ಇನ್ನು ಬಾಗಿಲು ಬಿಚ್ಚುವ ಕೆಲಸ. ದಪ್ಪ ಕೈಗವಸು, ಕಣ್ಣಿಗೆ ಕನ್ನಡಕ, ಕಾಲಿಗೆ ಬೂಟು ಇಲ್ಲದೆ ಶುರು ಮಾಡಬೇಡಿ. ಮೊದಲ ಅಡ್ಡಿ ಗಾಜು ಏರಿಸುವ ಹ್ಯಾಂಡಲ್. ಸ್ಕ್ರೂ ಎಲ್ಲೂ ಕಾಣುವುದಿಲ್ಲ! ಅದರ ಬೆನ್ನಿಗೆ ಕುದುರೆ ಲಾಳದಂಥ ಸಣ್ಣ ತಂತಿಯ ಕ್ಲಿಪ್ ಇರುತ್ತದೆ. ಹ್ಯಾಂಡಲ್‌ಗೂ ಬಾಗಿಲಿಗೂ ನಡುವೆ ಹಳೆ ಪಂಚೆಯ ತುಂಡನ್ನು ತೂರಿಸಿ, ಬೂಟಿಗೆ ಪಾಲಿಶ್ ಹಾಕುವವರಂತೆ ಅತ್ತಿತ್ತ ಎಳೆದರೆ ಬಟ್ಟೆಯ ಎಳೆ ಕ್ಲಿಪ್ಪನ್ನು ಹಿಡಿದೆಳೆದು ಹೊರಗೆ ತರುತ್ತದೆ. ನಮ್ಮದು ಚಿಮ್ಮಿ ತುಳಸಿಕಟ್ಟೆಯ ಹಿಂದೆ ಹೋಯಿತು. ಅದನ್ನು ಹುಡುಕಲು ಇಪ್ಪತ್ತು ನಿಮಿಷ. ಆಮೇಲೆ ಮೊಮ್ಮಗ ಅಡುಗೆಮನೆಯಿಂದ ಖಾಲಿ ಮಸಾಲೆ ಡಬ್ಬಿ ತಂದ. ಸಾಸಿವೆಯ ಬಟ್ಟಲಿಗೆ ಹಿಡಿಕೆಯ ಸ್ಕ್ರೂ, ಜೀರಿಗೆಯದಕ್ಕೆ ಒಳಬೀಗದ್ದು, ಹೀಗೆ. ನನ್ನ ಲೆಡ್ಜರಿಗಿಂತ ಅಚ್ಚುಕಟ್ಟು.

ಸ್ಕ್ರೂಗಳು ಬಂದ ಮೇಲೆ ಒಳಗಿನ ಹಲಗೆ ಪ್ಲಾಸ್ಟಿಕ್ ಗುಂಡಿಗಳ ಮೇಲೆ ನಿಂತಿರುತ್ತದೆ. ಅಗಲ ಮೊನೆಯ ಸ್ಕ್ರೂಡ್ರೈವರಿಗೆ ಬಟ್ಟೆ ಸುತ್ತಿ, ಗುಂಡಿ ಇರುವ ಜಾಗದಲ್ಲೇ ಮೀಟಬೇಕು. ಎರಡು ಮುರಿದವು, ಹಳೆಯ ಗಾಡಿಯಲ್ಲಿ ಅಷ್ಟು ಲೆಕ್ಕಕ್ಕಿಲ್ಲ. ಅದರ ಹಿಂದೆ ಅಂಟಿಸಿರುವ ಪ್ಲಾಸ್ಟಿಕ್ ಹಾಳೆಯನ್ನು ಹರಿಯದಂತೆ ಬಿಡಿಸಿ. ಮಳೆ ನೀರು ಗಾಜಿನ ಪಕ್ಕದಿಂದ ಬಾಗಿಲೊಳಗೆ ಇಳಿದೇ ಇಳಿಯುತ್ತದೆ. ಅದು ಸೀಟಿಗೆ ಬರದಂತೆ ತಡೆಯುವುದು ಈ ಹಾಳೆ, ಹೊರಗೆ ಬಿಡುವುದು ಬಾಗಿಲ ತಳದ ರಂಧ್ರಗಳು. ಒಡೆದ ಚೂರು ಬಿದ್ದಿದ್ದು ಆ ತಳಕ್ಕೇ. ಹಾಗೇ ಬಿಟ್ಟರೆ ರಂಧ್ರ ಕಟ್ಟಿ, ನೀರು ನಿಂತು, ಬಾಗಿಲು ತುಕ್ಕು ಹಿಡಿಯುತ್ತದೆ. ವ್ಯಾಕ್ಯೂಮ್ ಕ್ಲೀನರ್ ಹಿಡಿದು ಎರಡು ಸೇರಿನಷ್ಟು ಗಾಜು ತೆಗೆದೆವು. ಹೊಸ ಗಾಜು ಹಾಕುವ ಅವಸರದಲ್ಲಿ ಜನ ತಪ್ಪುವುದು ಇಲ್ಲೇ.

ಮೊಮ್ಮಗ ಒಂದು ಚೂರನ್ನು ಬೆಳಕಿಗೆ ಹಿಡಿದು, "ಇದು ಯಾಕೆ ಪುಟ್ಟಿಗೆ ಕೊಯ್ಯಲಿಲ್ಲ?" ಎಂದು ಕೇಳಿದ. ಬಾಗಿಲಿನ ಗಾಜನ್ನು 600 ಡಿಗ್ರಿಗೂ ಮೇಲೆ ಕಾಯಿಸಿ, ಎರಡೂ ಕಡೆಯಿಂದ ತಣ್ಣನೆ ಗಾಳಿ ಊದುತ್ತಾರೆ. ಹೊರಮೈ ಮೊದಲು ಗಟ್ಟಿಯಾಗುತ್ತದೆ. ಒಳಗಿನದು ಆಮೇಲೆ ಆರುತ್ತಾ ಹೊರಮೈಯನ್ನು ಒಳಕ್ಕೆಳೆದು ಬಿಗಿ ಹಿಡಿಯುತ್ತದೆ. ಆ ಬಿಗಿಯಿಂದಲೇ ನನ್ನ ಕಲ್ಲು ಚಿಮ್ಮಿದ್ದು. ಮೂಲೆಯಲ್ಲಿ ಮೊನೆ ಒಳಗೆ ಇಳಿಯಿತೋ, ಇಡೀ ಬಿಗಿ ಒಮ್ಮೆಲೇ ಬಿಚ್ಚಿ ಗಾಜು ಮೊಂಡು ಕಾಳುಗಳಾಗುತ್ತದೆ. ಮುಂದಿನ ದೊಡ್ಡ ಗಾಜು ಬೇರೆ ಜಾತಿ. ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಪದರ. ಬಿರುಕು ಬಿಟ್ಟರೂ ಉದುರುವುದಿಲ್ಲ. ಫ್ರಾನ್ಸಿನ ಬೆನೆಡಿಕ್ಟಸ್ ಎಂಬ ರಸಾಯನ ವಿಜ್ಞಾನಿಗೆ 1903ರಲ್ಲಿ ಕೆಳಗೆ ಬಿದ್ದರೂ ಚೆದುರದ ಸೀಸೆಯೊಂದನ್ನು ನೋಡಿ ಹೊಳೆದ ಉಪಾಯ ಅದು. ಕೆಲವು ಹೊಸ ಕಾರುಗಳ ಬಾಗಿಲಿಗೂ ಈಗ ಅಂಥ ಗಾಜೇ ಬರುತ್ತದೆ. ಅದನ್ನು ಹೀಗೆ ಒಡೆಯಲಾಗದು ಎಂಬುದು ನೆನಪಿರಲಿ.

ಗಾಜು ಕೂರಿಸುವಾಗ ಹ್ಯಾಂಡಲನ್ನು ಸುಮ್ಮನೆ ಸಿಕ್ಕಿಸಿ ತಿರುಗಿಸಿ, ಎತ್ತುವ ತೋಳನ್ನು ಬಾಗಿಲಿನ ಕಿಂಡಿಯ ಮಟ್ಟಕ್ಕೆ ತರಬೇಕು. ಬೋಲ್ಟ್ ಬಿಗಿಯುವುದು ಆ ಕಿಂಡಿಯಿಂದಲೇ. ಗಾಜನ್ನು ಓರೆಯಾಗಿ ಹಿಡಿದು ಮೇಲಿನಿಂದ ಇಳಿಸಿ, ಒಳಗೆ ನೇರ ಮಾಡಿ, ಎರಡೂ ಬದಿಯ ರಬ್ಬರ್ ಗಾಡಿಗೆ ಸೇರಿಸಬೇಕು. ಮೊಮ್ಮಗ ಮೇಲೆ ಹಿಡಿದ, ನಾನು ಕೆಳಗೆ ಹತ್ತರ ಸ್ಪ್ಯಾನರ್ ಹಿಡಿದು ಬಿಗಿದೆ. ತಿರುಗಿಸಿದರೆ ಅರ್ಧಕ್ಕೆ ಬಂದು ಕಚ್ಚಿಕೊಂಡಿತು. ಬಿಚ್ಚಿದೆ, ಮತ್ತೆ ಬಿಗಿದೆ, ಮತ್ತೆ ಕಚ್ಚಿತು. ಸೊಂಟ ಹಿಡಿದು ಕಾಫಿಗೆ ಕೂತೆ. ಅಷ್ಟರಲ್ಲಿ ಮೊಮ್ಮಗ, "ತಾತಾ, ಲೂಸಾಗೇ ಇಟ್ಟು ಮೇಲೆ ಏರಿಸಿದರೆ?" ಎಂದ. ಅದೇ ಸರಿ. ಬೋಲ್ಟನ್ನು ಅರ್ಧ ಮಾತ್ರ ಬಿಗಿದು ಗಾಜನ್ನು ಪೂರ್ತಿ ಏರಿಸಿದರೆ ಅದು ತನ್ನ ಜಾಗ ತಾನೇ ಕಂಡುಕೊಳ್ಳುತ್ತದೆ. ಆಮೇಲೆ ಪೂರ್ತಿ ಬಿಗಿಯಬೇಕು. ಎಣ್ಣೆ, ಗ್ರೀಸು ರಬ್ಬರಿಗೆ ಹಾಕಬೇಡಿ, ಊದಿಕೊಂಡು ಹಾಳಾಗುತ್ತದೆ. ಸಿಲಿಕೋನ್ ಸ್ಪ್ರೇ ಸಾಕು. ಕೊನೆಗೆ ಲಾಳದ ಕ್ಲಿಪ್ಪನ್ನು ಮೊದಲು ಹ್ಯಾಂಡಲಿಗೇ ಸಿಕ್ಕಿಸಿ, ಅಂಗೈಯಿಂದ ಗುದ್ದಿದರೆ 'ಕ್ಲಿಕ್'.

ಸ್ವಿಚ್ ಒತ್ತಿದರೆ ಏರುವ ಗಾಜು, ಪಕ್ಕದ ಏರ್‌ಬ್ಯಾಗ್ ಇರುವ ಈಗಿನ ಕಾರುಗಳಿಗೆ ಇದೇ ಧೈರ್ಯದಿಂದ ಕೈ ಹಾಕಬೇಡಿ. ಅಲ್ಲಿ ಬಾಗಿಲ ತುಂಬ ವೈರುಗಳಿರುತ್ತವೆ, ಬಲ್ಲವರಿಗೇ ಬಿಡಿ.

ಭಾನುವಾರ ಸ್ಟೇಷನ್ನಿಗೆ ಆಟೋ ಕರೆಯಲೆಂದು ನಾನು ಹೊರಟಿದ್ದೆ. ಮಗಳು ಪುಟ್ಟಿಯನ್ನು ಎತ್ತಿಕೊಂಡು ಬಂದು ಕಾರಿನ ಎಡಬಾಗಿಲು ತೆಗೆದಳು. ಹ್ಯಾಂಡಲ್ ತಿರುಗಿಸಿ ಗಾಜನ್ನು ಇಳಿಸಿದಳು, ಏರಿಸಿದಳು, ಮತ್ತೆ ಅರ್ಧ ಇಳಿಸಿದಳು. ಆಮೇಲೆ ಮುಂದಿನ ಸೀಟಿನಲ್ಲಲ್ಲ, ಮಗುವಿನ ಜೊತೆ ಹಿಂದೆ ಕೂತು, "ಕೀ ಎಲ್ಲಿ?" ಎಂದು ಕೇಳಿದಳು. ನಾನು ಕೊರಳಿನ ದಾರ ಎಳೆದು ತೋರಿಸಿದೆ.