ಅಜೀರ್ಣದ ಯೋಗಗಳಲ್ಲಿ ಪಾಠನಿರ್ಣಯ

ಅಜೀರ್ಣ, ಅಗ್ನಿಮಾಂದ್ಯ, ಆಧ್ಮಾನಗಳಿಗೆ ಜೈನ ವೈದ್ಯಗ್ರಂಥಗಳು ಹೇಳುವ ದ್ರವ್ಯಗಳು ಬಹುಮಟ್ಟಿಗೆ ಇತರ ಆಯುರ್ವೇದಗ್ರಂಥಗಳವೇ. ಭೇದವಿರುವುದು ವರ್ಜನೆಯಲ್ಲಿ. ಉಗ್ರಾದಿತ್ಯಾಚಾರ್ಯರು ಸಂಸ್ಕೃತ ‘ಕಲ್ಯಾಣಕಾರಕ’ದ ಹಿತಾಹಿತಾಧ್ಯಾಯದಲ್ಲಿ ಮಾಂಸೌಷಧವನ್ನು ಖಂಡಿಸಿದ್ದಾರೆ. ಪೂಜ್ಯಪಾದರ ವೈದ್ಯವನ್ನು ಕನ್ನಡಕ್ಕೆ ತಂದ ಜಗದ್ದಳ ಸೋಮನಾಥನ ಚಿಕಿತ್ಸಾಕ್ರಮವು ಮದ್ಯ, ಮಾಂಸ, ಮಧುಗಳನ್ನು ಬಿಟ್ಟದ್ದು. ಆದಕಾರಣ ಇಂತಹ ಪ್ರತಿಗಳಲ್ಲಿ ಒಂದಕ್ಷರದ ಸ್ಖಾಲಿತ್ಯವು ಯೋಗವನ್ನೇ ಅಗ್ರಾಹ್ಯವಾಗಿಸಬಲ್ಲದು.

ಹಿಂಗ್ವಷ್ಟಕ ಚೂರ್ಣವನ್ನು ನೋಡೋಣ. ಶುಂಠಿ, ಮೆಣಸು, ಹಿಪ್ಪಲಿಗಳೆಂಬ ತ್ರಿಕಟು, ಅಜಮೋದ, ಸೈಂಧವ, ಎರಡು ಬಗೆಯ ಜೀರಿಗೆ, ಇಂಗು, ಹೀಗೆ 8 ದ್ರವ್ಯಗಳು. ಊಟದ ಮೊದಲ ತುತ್ತಿನಲ್ಲಿ ತುಪ್ಪದೊಡನೆ ಸೇವನೆ. ಜೇನಿನ ಅಪೇಕ್ಷೆಯೇ ಇಲ್ಲ. ಇಲ್ಲಿಯ ಶುಂಠಿಯು ಓಲೆಗಳಲ್ಲಿ ನಾಗರ, ವಿಶ್ವ, ಮಹೌಷಧ ಎಂಬ ಹೆಸರುಗಳಿಂದಲೂ ಬರುವುದು. ಇವೆಲ್ಲವೂ ಒಣಶುಂಠಿಯೇ. ಹಸಿಯದು ಆರ್ದ್ರಕ, ಅನಂತಕಾಯವಾದ್ದರಿಂದ ವ್ರತಿಕನಿಗೆ ವರ್ಜ್ಯ. ಟಿಪ್ಪಣಿಕಾರರು ಬರಿದೆ ‘ಶುಂಠಿ’ ಎಂದು ಬರೆದು ಮುಂದೆ ಸಾಗುವುದು ಸರಿಯಲ್ಲ. ಇಂದಿನ ಓದುಗನು ಹಸಿಯದನ್ನೇ ಗ್ರಹಿಸುವ ಸಂಭವವುಂಟು.

ಇದಕ್ಕಿಂತ ಸೂಕ್ಷ್ಮವಾದುದು ‘ಮಧು’ಶಬ್ದ. ಮಧುಕವೆಂದರೆ ಜ್ಯೇಷ್ಠಮಧು, ಮಧೂಕವೆಂದರೆ ಹಿಪ್ಪೆ. ಲಿಪಿಕಾರನು ಕಕಾರವೊಂದನ್ನು ಬಿಟ್ಟರೆ ಜ್ಯೇಷ್ಠಮಧುವು ಜೇನಾಗುತ್ತದೆ. ಪದ್ಯದಲ್ಲಿ ಅಕ್ಷರಗಣನೆಯಿಂದ ಲೋಪವನ್ನು ಹಿಡಿಯಬಹುದು. ಗದ್ಯದ ಯೋಗಗಳಲ್ಲಿ ಆ ಆಧಾರವಿಲ್ಲ, ಪ್ರತ್ಯಂತರಗಳೇ ಗತಿ.

ಹಾಗೆಂದು ‘ಮಧು’ ಕಂಡಲ್ಲೆಲ್ಲ ‘ಮಧುಕ’ವೆಂದು ತಿದ್ದುವುದೂ ಸಾಧುವಲ್ಲ. ಬಸದಿಯ ಭಂಡಾರದಲ್ಲಿ ದೊರೆತ ಮಾತ್ರಕ್ಕೆ ವೈದ್ಯಸಂಗ್ರಹವೊಂದು ಜೈನಕೃತಿಯಾಗದು. ಅನ್ಯಮತದ ಯೋಗಗಳನ್ನೂ ಅದರಲ್ಲಿ ಬರೆದುಕೊಂಡಿರಬಹುದು. ಪ್ರತಿಯ ಪಾಠವನ್ನು ಮೂಲದಲ್ಲಿ ಉಳಿಸಿ, ಗ್ರಾಹ್ಯಾಗ್ರಾಹ್ಯ ವಿಚಾರವನ್ನು ಅಡಿಟಿಪ್ಪಣಿಯಲ್ಲಿ ಹೇಳತಕ್ಕದ್ದು.